ಒಳಚರಂಡಿಯಲ್ಲಿ ಹುಟ್ಟಿದ ಸಾಬೂನು

ಪಟ್ಟಣಗಳ ಚರಿತ್ರೆಯಲ್ಲಿ ನಾವು ಅರಮನೆ, ಕೋಟೆ, ಪೇಟೆಬೀದಿಗಳನ್ನು ಕುರಿತು ಓದುತ್ತೇವೆಯೇ ಹೊರತು, ಆ ಬೀದಿಗಳ ಕೆಳಗೆ ಏನಿದೆಯೆಂದು ಕೇಳುವುದು ಕಡಮೆ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಈ ಕುತೂಹಲ ಹುಟ್ಟಿದ್ದು ಲಂಡನ್ ನಗರದ ಒಂದು ಸಮಾಚಾರದಿಂದ. ೨೦೧೭ರ ಸೆಪ್ಟೆಂಬರಿನಲ್ಲಿ ಅಲ್ಲಿನ ವೈಟ್‌ಚಾಪೆಲ್ ರಸ್ತೆಯ ಅಡಿಯಲ್ಲಿ, ವಿಕ್ಟೋರಿಯಾ ರಾಣಿಯ ಕಾಲದ ಒಳಚರಂಡಿಯೊಂದರಲ್ಲಿ, ಸುಮಾರು ೨೫೦ ಮೀಟರ್ ಉದ್ದದ, ೧೩೦ ಟನ್ ತೂಕದ ಗಡ್ಡೆಯೊಂದು ಕಂಡುಬಂದಿತು. ಇಂತಹುದನ್ನು ಆಂಗ್ಲರು ‘ಫ್ಯಾಟ್‌ಬರ್ಗ್’ ಎನ್ನುತ್ತಾರೆ. ಸಮುದ್ರದಲ್ಲಿ ತೇಲುವ ಹಿಮಗಡ್ಡೆಯ ಹೆಸರನ್ನು ಅನುಸರಿಸಿ ಕಟ್ಟಿದ ಮಾತಿದು. ನಾವು ಕೊಬ್ಬುಗಡ್ಡೆ ಎನ್ನೋಣ.

ಚರಂಡಿ ಹಳೆಯದಾದುದರಿಂದಲೇ ಹೀಗಾಯಿತೆಂದು ಹೇಳಿಬಿಡುವುದು ನ್ಯಾಯವಲ್ಲ. ೧೮೫೮ರ ಬೇಸಗೆಯಲ್ಲಿ ಥೇಮ್ಸ್ ನದಿಯ ದುರ್ನಾತವನ್ನು ತಾಳಲಾರದೆ ಪಾರ್ಲಿಮೆಂಟಿನವರು ಒಪ್ಪಿಗೆ ಕೊಟ್ಟ ಮೇಲೆ, ಜೋಸೆಫ್ ಬ್ಯಾಜಲ್‌ಜೆಟ್ ಎಂಬ ಇಂಜಿನಿಯರು ಆ ನಗರದ ಮುಖ್ಯ ಒಳಚರಂಡಿಗಳನ್ನು ಕಟ್ಟಿಸಿದನು. ಅವುಗಳಲ್ಲಿ ಹಲವು ಮೊಟ್ಟೆಯಾಕಾರದವು. ಮೊಟ್ಟೆಯ ಚೂಪುತುದಿ ಕೆಳಕ್ಕೆ. ನೀರು ಕಡಮೆಯಿದ್ದಾಗಲೂ ಕಿರಿದಾದ ತಳದಲ್ಲಿ ರಭಸವಾಗಿ ಹರಿದು ಕಶ್ಮಲವನ್ನು ತಳ್ಳಿಕೊಂಡು ಹೋಗಲೆಂದು ಈ ಉಪಾಯ. ಇಷ್ಟು ಜಾಣತನದ ಕಟ್ಟಡವೂ ಕಟ್ಟಿಕೊಂಡಿತೆಂದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಎಣ್ಣೆ, ತುಪ್ಪ, ಮಾಂಸದ ಕೊಬ್ಬು ಬಿಸಿಯಾಗಿರುವಾಗ ಹರಿದು, ತಣ್ಣಗಾದಾಗ ಹೆಪ್ಪುಗಟ್ಟುತ್ತವೆಂಬುದು ಎಲ್ಲರೂ ಬಲ್ಲ ಸಂಗತಿ. ಗಡ್ಡೆಯೂ ಹಾಗೆಯೇ ಆಗಿರಬೇಕೆಂದು ಯಾರಿಗಾದರೂ ತೋರುತ್ತದೆ. ಆದರೆ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೧ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಚರಂಡಿಯ ಗೋಡೆಗೆ ಅಂಟುವ ಈ ವಸ್ತು ಬಹುಮಟ್ಟಿಗೆ ಬರಿಯ ಕೊಬ್ಬಲ್ಲ, ಒಂದು ಬಗೆಯ ಸಾಬೂನು! ಕೊಬ್ಬು ಒಡೆದು ಕೊಬ್ಬಿನ ಆಮ್ಲಗಳಾಗುತ್ತದೆ. ನೀರಿನಲ್ಲಿರುವ ಮತ್ತು ಕಾಂಕ್ರೀಟಿನಿಂದ ಕರಗಿ ಬರುವ ಕ್ಯಾಲ್ಸಿಯಂ ಅವುಗಳೊಡನೆ ಕೂಡಿಕೊಳ್ಳುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಬಟ್ಟೆ ಒಗೆಯುವ ನಮ್ಮ ಬಯಲುಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೊರೆ ಬಾರದೆ ಬಕೆಟ್ಟಿನ ಅಂಚಿಗೆ ಬೂದುಬಣ್ಣದ ಕರೆ ಹತ್ತುವುದಲ್ಲವೆ? ಅದೇ ಕ್ಯಾಲ್ಸಿಯಂ ಸಾಬೂನು. ಮೈಗೆ ಹಚ್ಚುವ ಸಾಬೂನು ನೀರಿನಲ್ಲಿ ಕರಗುತ್ತದೆ, ಇದು ಕರಗದು. ಜಿಡ್ಡಿನ ಮೇಲೆ ಬಿಸಿನೀರು ಸುರಿದರಾಯಿತು ಎನ್ನುವವರುಂಟು. ಅದರಿಂದ ಜಿಡ್ಡು ನಮ್ಮ ಮನೆಯ ಕೊಳವೆಯನ್ನು ದಾಟಬಹುದು. ಬೀದಿಯ ಕೊಳವೆಯಲ್ಲಿ ತಣ್ಣಗಾಗಿ ನಿಲ್ಲುತ್ತದೆ.

ಇದಕ್ಕೆ ಬಲ ಕೊಡುವುದು ಮಕ್ಕಳ ಮೈ ಒರೆಸಲು ಅಂಗಡಿಗಳಲ್ಲಿ ಮಾರುವ ಒದ್ದೆ ಹಾಳೆ, ಎಂದರೆ ವೆಟ್ ವೈಪ್. ನೋಡಲು ಕಾಗದ, ಗುಣದಲ್ಲಿ ಬಟ್ಟೆ. ಶೌಚದ ಕಾಗದದ ಗಿಡ್ಡ ನಾರುಗಳು ನೀರು ಸೋಕಿದೊಡನೆ ಬಿಡಿಬಿಡಿಯಾಗುತ್ತವೆ. ವೈಪಿನ ನಾರುಗಳಾದರೋ ಒದ್ದೆಯಲ್ಲೇ ಗಟ್ಟಿಯಾಗಿ ನಿಲ್ಲಲೆಂದು ಹೆಣೆದವು. ಹಲವದರಲ್ಲಿ ಪ್ಲಾಸ್ಟಿಕ್ಕೂ ಇರುತ್ತದೆ. ಕಕ್ಕಸಿನಲ್ಲಿ ಹಾಕಿ ನೀರು ಬಿಟ್ಟರೆ ಕಣ್ಣಿಗೆ ಮರೆಯಾಗುತ್ತದೆ, ಅಷ್ಟೆ. ಮಣ್ಣಿಗೆ ಹುಲ್ಲು ಕಲಸಿ ಗೋಡೆಯೆಬ್ಬಿಸಿದಂತೆ, ಜಿಡ್ಡಿನ ಸಾಬೂನಿಗೆ ಈ ನಾರು ಸೇರಿ ಕಲ್ಲಿನಂತಹ ಗಡ್ಡೆ ಸಿದ್ಧವಾಗುತ್ತದೆ.

ವೈಟ್‌ಚಾಪೆಲಿನ ಗಡ್ಡೆಯನ್ನು ಒಡೆಯಲು ರಕ್ಷಣೆಯ ಉಡುಪು ತೊಟ್ಟ ಕೆಲಸಗಾರರು ನೀರಿನ ಬಿರುಸಾದ ಧಾರೆಯನ್ನೂ ಸಲಿಕೆಗಳನ್ನೂ ಹಿಡಿದು ವಾರಗಟ್ಟಲೆ ದುಡಿದರು. ಅದರ ಒಂದು ಚೂರನ್ನು ೨೦೧೮ರಲ್ಲಿ ಲಂಡನ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟರು. ಪೆಟ್ಟಿಗೆಯೊಳಗೆ ಅದರಿಂದ ನೊಣಗಳು ಹುಟ್ಟಿದುವಂತೆ! ಇತಿಹಾಸಕಾರರು ಮುಂದೆ ನಮ್ಮ ಕಾಲವನ್ನು ಅಳೆಯುವ ಸಾಮಗ್ರಿ ಇಂತಹುದಾದೀತೆ ಎಂದು ನನಗೆ ತುಸು ನಾಚಿಕೆಯಾಯಿತು.

ನನ್ನನ್ನು ಹೆಚ್ಚು ಕಾಡಿದುದು, ಕಡೆಗೆ ಮನುಷ್ಯರೇ ಇಳಿಯಬೇಕಾಯಿತೆಂಬ ಸಂಗತಿ. ಕಟ್ಟಿಕೊಂಡ ಚರಂಡಿಯಲ್ಲಿ ನಿಂತು ಕೊಳೆಯುವ ನೀರಿನಿಂದ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದು. ಅದು ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯೇ ಕುಂದುವುದರಿಂದ, ವಾಸನೆ ನಿಂತಿತೆಂದರೆ ಅಪಾಯ ಕಳೆಯಿತೆಂದಲ್ಲ. ನಮ್ಮ ದೇಶದಲ್ಲಿ ರಕ್ಷಣೆಯ ಸಾಧನಗಳಿಲ್ಲದೆ ಒಳಚರಂಡಿಗೆ ಆಳನ್ನು ಇಳಿಸುವುದನ್ನು ೨೦೧೩ರ ಕಾಯಿದೆ ನಿಷೇಧಿಸಿದೆ. ಆದರೂ ಮ್ಯಾನ್‌ಹೋಲಿನಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ನಿಂತಿಲ್ಲ. ೨೦೨೩ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಇಂತಹ ಸಾವಿಗೆ ಪರಿಹಾರವನ್ನು ೩೦ ಲಕ್ಷ ರೂಪಾಯಿಗೆ ಏರಿಸಿತು.

ಜಿಡ್ಡನ್ನು ನೆಲದ ಮೇಲೆಯೇ ತಡೆಯುವ ಸಾಧನವೇನೂ ದೊಡ್ಡದಲ್ಲ. ಹೋಟೆಲು, ವಿದ್ಯಾರ್ಥಿನಿಲಯಗಳ ಅಡುಗೆಮನೆಯ ಮೋರಿಗೆ ಒಂದು ತೊಟ್ಟಿ ಕಟ್ಟಿದರೆ ಸಾಕು. ಹಗುರವಾದ ಜಿಡ್ಡು ಮೇಲೆ ತೇಲಿ ನಿಲ್ಲುತ್ತದೆ, ನೀರು ಅಡಿಯ ಕೊಳವೆಯಿಂದ ಹೋಗುತ್ತದೆ. ಮೇಲಿನ ಜಿಡ್ಡನ್ನು ಆಗಾಗ ತೆಗೆಯುತ್ತಿರಬೇಕು. ತೊಟ್ಟಿ ತುಂಬಿದ ಮೇಲೆ ಜಿಡ್ಡೂ ನೀರಿನೊಡನೆ ಚರಂಡಿಗೇ ಹೋಗುತ್ತದೆ.