ಹೂಪಾತಿಯ ಬಾರ್ಡರ್: ಕೆಂಪು ನೆಲಕ್ಕೊಂದು ಲೆಕ್ಕ, ಎರೆಗೊಂದು ಲೆಕ್ಕ

ಬೀದರ್ ಪಟ್ಟಣ ಕೂತಿರುವುದು ಜಂಬಿಟ್ಟಿಗೆಯ ಕೆಂಪು ದಿಬ್ಬದ ಮೇಲೆ. ಔರಾದ್ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ದಿಬ್ಬ ಇಳಿದು ಮಾಂಜ್ರಾ ಬಯಲು ಮುಟ್ಟುವಷ್ಟರಲ್ಲಿ ನೆಲದ ಬಣ್ಣವೇ ಬೇರೆ. ಅಲ್ಲಿಂದಾಚೆ ಎರೆ. ಭಾಲ್ಕಿಯ ಕಡೆ ಹೋದರೆ ಒಂದು ಓಣಿಯಲ್ಲಿ ಮುರುಮು ಸಿಗುತ್ತದೆ, ಪಕ್ಕದ ಓಣಿಯಲ್ಲಿ ಕಪ್ಪು ಮಣ್ಣು. ಹುಲ್ಲುಹಾಸಿಗೆ, ಹೂಪಾತಿಗೆ ಕಾಂಕ್ರೀಟ್ ಬಾರ್ಡರ್ ಹಾಕಿಸಬೇಕು ಎನ್ನುವವರೆಲ್ಲ ಮೊದಲು ಕೇಳುವುದು, ‘ನಾವೇ ಮಾಡ್ಕೋಬೇಕೋ, ಗುತ್ತೇದಾರಗ ಕೊಡಬೇಕೋ’ ಎಂದು. ಸ್ವಂತ ಮನೆ ಬೀದರ್‌ನಲ್ಲಿ, ಅಣ್ಣನ ಮನೆ ಭಾಲ್ಕಿಯಲ್ಲಿ, ಹೆಂಡತಿಯ ತವರಿನ ತೋಟದ ಮನೆ ಔರಾದ್ ಹತ್ತಿರ. ಮೂರೂ ಕಡೆ ಈ ಕೆಲಸ ಮಾಡಿ, ಮಾಡಿಸಿ ನೋಡಿದ ಮೇಲೆ ನಾನು ಹೇಳುವುದು ಒಂದೇ: ಬಾರ್ಡರ್ ಹಾಯುವ ಜಾಗದಲ್ಲಿ ಮೊದಲು ಒಂದಡಿ ಅಗೆದು ನೋಡಿ. ಯಾರ ಕೈಲಿ ಮಾಡಿಸಬೇಕೆಂಬುದನ್ನು ಆ ಗುಂಡಿಯ ಮಣ್ಣು ತೀರ್ಮಾನಿಸಬೇಕು, ಗುತ್ತೇದಾರ ಹೇಳುವ ರೇಟು ಅಲ್ಲ.

ಬೀದರ್‌ನವರಿಗೆ ತಾವು ನಿಂತ ನೆಲದ ಗುಣ ಕೋಟೆಯ ಕಂದಕದಲ್ಲೇ ಕಾಣುತ್ತದೆ. ಬಹಮನಿ ಸುಲ್ತಾನ ಅಹ್ಮದ್ ಶಾ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಮೇಲೆ ಎದ್ದ ಕೋಟೆ ಇದು. ಅದರ ಮೂರು ಸುತ್ತಿನ ಕಂದಕವನ್ನು ಜಂಬಿಟ್ಟಿಗೆ ಬಂಡೆಯಲ್ಲೇ ಕಡಿದಿದ್ದಾರೆ. ಸುತ್ತುಗಳ ನಡುವಿನ ಗೋಡೆಗಳೂ ಅದೇ ಬಂಡೆ. ಈ ಕಲ್ಲು ನೆಲದೊಳಗಿರುವಾಗ ಮೆತ್ತಗಿರುತ್ತದೆ, ಕಡಿದು ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಉಬ್ಬುವುದಿಲ್ಲ, ಬೇಸಿಗೆಯಲ್ಲಿ ಕುಗ್ಗುವುದಿಲ್ಲ. ಬೀದರ್‌ನ ಅಂಗಳದಲ್ಲಿ ಮೇಲಿನ ಸಡಿಲ ಮಣ್ಣು ತೆಗೆದು ಮೂರು ನಾಲ್ಕು ಇಂಚು ಇಳಿದರೆ ಸಲಿಕೆ ಮುರುಮಿಗೆ ತಾಗಿ ಕರಕರ ಸದ್ದು ಮಾಡುತ್ತದೆ. ಇಷ್ಟು ಒಳ್ಳೆಯ ತಳಪಾಯ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಇಂಥ ನೆಲವಿದ್ದವರು ಬಾರ್ಡರ್ ಕೆಲಸವನ್ನು ಗುತ್ತೇದಾರನಿಗೆ ಕೊಡುವ ಅಗತ್ಯವೇ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಾಮಾನಿನ ಲೆಕ್ಕ ಸರಳ. ನಾಲ್ಕು ಇಂಚು ಅಗಲ, ಆರು ಇಂಚು ಎತ್ತರದ ಬಾರ್ಡರ್‌ಗೆ ಒಂದು ಪಾಲು ಸಿಮೆಂಟ್, ಎರಡು ಪಾಲು ಎಂ-ಸ್ಯಾಂಡ್, ನಾಲ್ಕು ಪಾಲು ಸಣ್ಣ ಖಡಿ ಸಾಕು. 50 ಕಿಲೋದ ಒಂದು ಚೀಲ ಸಿಮೆಂಟಿನಲ್ಲಿ ಸುಮಾರು 30 ಅಡಿ ಉದ್ದ ಏಳುತ್ತದೆ. ಬೀದರ್‌ನ ನೆರೆಯ ಕಲಬುರಗಿ ಜಿಲ್ಲೆ ಸಿಮೆಂಟಿನ ತವರು. ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳು ಹತ್ತಿರವೇ ಇವೆ. ಆದರೂ ಸಣ್ಣ ಅಂಗಡಿಯ ಮೂಲೆಯಲ್ಲಿ ಹಳೆಯ ಚೀಲ ಕೂತಿರಬಹುದು. ಚೀಲದ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ್ದರೆ ಬೇಡ ಎನ್ನಿ.

ಅಚ್ಚಿಗೆ ನೇರ ಭಾಗದಲ್ಲಿ 12 ಮಿ.ಮೀ. ಪ್ಲೈವುಡ್ ಪಟ್ಟಿ, ತಿರುವಿನಲ್ಲಿ ಬಾಗುವ ತೆಳು ಪ್ಲೈ. ತಿರುವು ಚೆಂದ ಬರಬೇಕಾದರೆ ನೀರಿನ ಪೈಪನ್ನು ಬಿಸಿಲಿಗೆ ಹಾಕಿ, ಅದು ಮೆತ್ತಗಾದ ಮೇಲೆ ಬೇಕಾದಂತೆ ನೆಲದ ಮೇಲೆ ಬಾಗಿಸಿಟ್ಟು, ಅದರ ಗುಂಟ ಸುಣ್ಣದ ಪುಡಿ ಉದುರಿಸಿದರಾಯಿತು. ಮಟ್ಟ ನೋಡಲು ಗೌಂಡಿಗಳ ಲೆವೆಲ್ ಪೈಪ್ ಇದ್ದರೆ ಬೇರೇನೂ ಬೇಡ.

ಕೈಗೆ ಬರಲು ಹೊತ್ತು ಹಿಡಿಯುವುದು ಮಾಲಿನ ಹದ. ಕಲಸಿದ ಮಾಲನ್ನು ರಬ್ಬರ್ ಗ್ಲೌಸ್ ಹಾಕಿದ ಕೈಯಲ್ಲಿ ಹಿಡಿದು ಅದುಮಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ನೀರು ಹೆಚ್ಚಾದರೆ ತುಂಬುವುದು ಸಲೀಸು, ಮೇಲ್ಮೈ ನುಣುಪಾಗಿಯೂ ಕಾಣುತ್ತದೆ. ಆದರೆ ನೀರು ಆರಿದ ಜಾಗದಲ್ಲಿ ಸಣ್ಣ ರಂಧ್ರಗಳು ಉಳಿದು ಅಂಚು ಉದುರತೊಡಗುತ್ತದೆ. ಒಂದು ಚೀಲಕ್ಕೆ 25ರಿಂದ 28 ಲೀಟರ್ ನೀರು ಮಿತಿ. ಗ್ಲೌಸ್ ಇಲ್ಲದೆ ಯಾರೂ ಮಾಲು ಮುಟ್ಟಬೇಡಿ. ಹಸಿ ಸಿಮೆಂಟಿನ ಕ್ಷಾರ ಚರ್ಮವನ್ನು ಸುಡುತ್ತದೆ, ಸುಟ್ಟದ್ದು ಗೊತ್ತಾಗುವುದು ರಾತ್ರಿಗೆ. ದಿನಗೂಲಿಯ ಹೆಣ್ಣುಮಕ್ಕಳು ಬರಿಗೈಯಲ್ಲಿ ಮಾಲು ಎತ್ತಿ ಹಾಕುವುದನ್ನು ನಮ್ಮ ಕಡೆ ದಿನಾ ನೋಡುತ್ತೇವೆ. ಕೆಲಸ ಮಾಡಿಸುವವರು ಅವರಿಗೂ ಗ್ಲೌಸ್ ತಂದುಕೊಡಬೇಕು.

ಕಾಂಕ್ರೀಟ್ ಒಡೆಯದಂತೆ ತಡೆಯುವುದು ಯಾರಿಂದಲೂ ಆಗದು. ಎಲ್ಲಿ ಒಡೆಯಬೇಕೆಂದು ತೋರಿಸಿಕೊಡಬಹುದು, ಅಷ್ಟೆ. ನಾಲ್ಕೈದು ಅಡಿಗೊಂದು ಕಡೆ, ಹಸಿಯಿರುವಾಗಲೇ ಥಾಪಿಯ ಅಂಚಿನಿಂದ ಇಂಚೂವರೆ ಆಳ ಗೀರಬೇಕು. ಬಿರುಕು ಬಂದರೆ ಆ ಗೀರಿನಲ್ಲೇ ಬರುತ್ತದೆ. ಮನೆಯ ಗೋಡೆಗೆ ಬಾರ್ಡರನ್ನು ಅಂಟಿಸದೆ ನಡುವೆ ಅರ್ಧ ಇಂಚಿನ ಥರ್ಮೋಕೋಲ್ ಇಡಬೇಕು. ನಲ್ಲಿಯ ಪೈಪ್, ಡ್ರಿಪ್ ಪೈಪ್ ಮುಂದೆಂದಾದರೂ ಹಾಯಬಹುದಾದಲ್ಲಿ ಕಾಂಕ್ರೀಟ್ ಸುರಿಯುವ ಮುಂಚೆಯೇ ಅಡಿಯಲ್ಲಿ ಒಂದು ಪಿವಿಸಿ ತುಂಡು ಹುದುಗಿಸಬೇಕು. ಗುತ್ತೇದಾರರ ಕಡೆಯವರು ಈ ತುಂಡು ಇಡುವುದನ್ನು ನಾನು ಎಲ್ಲೂ ಕಂಡಿಲ್ಲ. ತೋಟಕ್ಕೆ ದಿನಾ ನೀರು ಬಿಡುವ ಮನೆಯವರಿಗೆ ಮಾತ್ರ ಅದು ನೆನಪಾಗುತ್ತದೆ.

ಔರಾದ್‌ನ ಕತೆ ಬೇರೆ. ತೋಟದ ಮನೆಯ ಮುಂದೆ ಮೊದಲ ಸಲ ಬಾರ್ಡರ್ ಹಾಕಿದ್ದು ರನ್ನಿಂಗ್ ಫೂಟ್ ಲೆಕ್ಕದಲ್ಲಿ ಕೆಲಸ ಹಿಡಿದ ಒಬ್ಬ ಗುತ್ತೇದಾರ. ಬೇಸಿಗೆಯ ಕೊನೆಯಲ್ಲಿ ನೆಲ ಕಲ್ಲಿನಂತಿತ್ತು. ಅವನ ಜನ ಎರಡು ಇಂಚು ಕೆರೆದು, ಅಚ್ಚು ಇಟ್ಟು, ಒಂದೇ ದಿನದಲ್ಲಿ ಸುರಿದು ಹೋದರು. ತಿರುವುಗಳು ಅಚ್ಚುಕಟ್ಟಾಗಿದ್ದವು, ನೋಡಿದವರೆಲ್ಲ ಹೊಗಳಿದರು. ಮಳೆಗಾಲ ಬಂತು. ದಸರೆಯ ಹೊತ್ತಿಗೆ ನಡುವಿನ ಭಾಗ ಮೇಲೆದ್ದು ಹೊರಕ್ಕೆ ವಾಲಿತ್ತು, ಮುಂದಿನ ಬೇಸಿಗೆಯಲ್ಲಿ ಅದರಡಿಯ ಮಣ್ಣು ಬಿರಿದು ಕೈ ತೂರುವಷ್ಟು ಸಂದಿಯಾಯಿತು, ಬಾರ್ಡರ್ ಮೂರು ಕಡೆ ತುಂಡಾಯಿತು. ಗುತ್ತೇದಾರನನ್ನು ಕೇಳಿದರೆ ‘ಮಣ್ಣಿಂದು ತಪ್ಪು’ ಎಂದ. ಮಣ್ಣು ಮಾಡಿದ್ದು ತನ್ನ ಗುಣವನ್ನು. ಅದು ಗೊತ್ತಿದ್ದೂ ಅಗೆಯದೆ ಸುರಿದವನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಪದರಪದರವಾಗಿ ನೀರು ಹೀರಿ ಉಬ್ಬುತ್ತದೆ, ನೀರು ಬಿಟ್ಟಾಗ ಕುಗ್ಗುತ್ತದೆ. ಎರಡನೆಯ ಸಲ ಕೆಲಸಕ್ಕೆ ಬಂದ ಔರಾದ್‌ನ ಹಿರಿಯ ಗೌಂಡಿ ಇದನ್ನು ತನ್ನ ಮಾತಿನಲ್ಲಿ ಹೇಳಿದ: ‘ಈ ಮಣ್ಣು ಉಸಿರಾಡ್ತದ್ರಿ. ಇದರ ಎದಿ ಮ್ಯಾಲೆ ಕಲ್ಲಿಟ್ರ ಎತ್ತಿ ಒಗಿತದ. ನಡುವ ಮುರುಮು ಹಾಕ್ರಿ.’

ಮುರುಮು ಹಾಕುವ ಈ ಪದ್ಧತಿಗೆ ವಿಜ್ಞಾನದ ಬೆಂಬಲ ಇದೆ, ಅದೂ ಕರ್ನಾಟಕದ ನೆಲದಲ್ಲೇ ಸಿಕ್ಕದ್ದು. ಮಲಪ್ರಭಾ ಕಾಲುವೆಯ ಲೈನಿಂಗ್ ಎರೆಭೂಮಿಯಲ್ಲಿ ಉಬ್ಬಿ ಒಡೆಯುತ್ತಿದ್ದ ಸಮಸ್ಯೆಗೆ 1970ರ ದಶಕದಲ್ಲಿ ಮುಂಬಯಿ ಐಐಟಿಯ ಪ್ರೊಫೆಸರ್ ಆರ್. ಕೆ. ಕಟ್ಟಿ ದಾರಿ ಹುಡುಕಿದರು. ಉಬ್ಬದ, ಆದರೆ ತನ್ನಲ್ಲೇ ಅಂಟಿಕೊಂಡು ನಿಲ್ಲುವ ಮಣ್ಣಿನ ಪದರವೊಂದನ್ನು ಎರೆಗೂ ಕಾಂಕ್ರೀಟಿಗೂ ನಡುವೆ ಕುಟ್ಟಿ ಕೂರಿಸಿದರೆ ಕೆಳಗಿನ ಒತ್ತಡ ಮೇಲಕ್ಕೆ ಬರುವುದು ಬಹಳಷ್ಟು ತಗ್ಗುತ್ತದೆ ಎಂದು ಅವರು ತೋರಿಸಿದರು. ಮುರುಮು ಅಂಥ ಮಣ್ಣು. ಮರಳು ಹಾಕಿದರೆ ಆಗದು. ಅದು ನೀರನ್ನು ನೇರವಾಗಿ ಎರೆಗೆ ಇಳಿಸಿ ತೊಂದರೆ ಹೆಚ್ಚಿಸುತ್ತದೆ. ಕಾಲುವೆಗೆ ದಪ್ಪ ಪದರ ಬೇಕು. ಹೂಪಾತಿಯ ಬಾರ್ಡರ್‌ಗೆ ಹತ್ತು ಇಂಚು ಹಾಕಿದೆವು, ನಿಂತಿದೆ.

ಹಾಗೆ ಮಾಡಲು ಆಗುವ ದುಡಿಮೆ ನೋಡಿ. ನೂರು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಆಳ ಅಗೆದರೆ ಒಂದು ಬ್ರಾಸ್ ಎರೆ ಹೊರಬರುತ್ತದೆ, ತೂಕ ಸುಮಾರು 5 ಟನ್. ಒದ್ದೆಯಿದ್ದರೆ ಸಲಿಕೆಗೆ ಮೆತ್ತಿಕೊಳ್ಳುತ್ತದೆ, ಒಣಗಿದ್ದರೆ ಹಾರೆಗೂ ಜಗ್ಗುವುದಿಲ್ಲ. ಅದನ್ನು ಸಾಗಿಸಿ, ಕುಟ್ಟಿದಾಗ ಕುಗ್ಗುವುದನ್ನು ಹಿಡಿದು ಬ್ರಾಸಿಗೆ ಹತ್ತಿರ ಮುರುಮು ತಂದು, ಮೂರು ಮೂರು ಇಂಚಿನ ಪದರ ಹಾಕಿ, ನೀರು ಚಿಮುಕಿಸಿ ಕುಟ್ಟಬೇಕು. ಮೇಲೆ ಸುರಿಯುವ ಕಾಂಕ್ರೀಟಿನೊಳಗೆ ಉದ್ದಕ್ಕೂ 8 ಮಿ.ಮೀ.ನ ಎರಡು ಸರಳು. ಮನೆಯವರಿಬ್ಬರು ಭಾನುವಾರ ಮಾಡಿ ಮುಗಿಸುವ ಕೆಲಸವಲ್ಲ ಇದು. ಎರೆಯಲ್ಲಿ ಆಳುಗಳನ್ನು ಕರೆಯಲೇಬೇಕು. ಕೊಡುವ ದುಡ್ಡೆಲ್ಲ ಮೇಲೆ ಕಾಣುವ ಬಾರ್ಡರ್‌ಗಲ್ಲ, ಕಣ್ಣಿಗೆ ಬೀಳದ ಆ ಹತ್ತು ಇಂಚಿಗೆ ಎಂದು ಮಾತ್ರ ಮಾಲೀಕರು ತಿಳಿದಿರಬೇಕು.

ಅದಕ್ಕೇ ಗುತ್ತಿಗೆಯ ಮಾತು ಬಾಯಲ್ಲಿ ಮುಗಿಸಬಾರದು. ರನ್ನಿಂಗ್ ಫೂಟಿಗೆ ಇಷ್ಟು ಎಂದರೆ ಅದರಲ್ಲಿ ಅಗೆತ ಎಷ್ಟು ಆಳ, ತೆಗೆದ ಮಣ್ಣು ಯಾರು ಸಾಗಿಸಬೇಕು, ಮುರುಮು ಯಾರದು, ಸರಳು ಇದೆಯೋ ಇಲ್ಲವೋ, ಗೀರು ಎಷ್ಟು ಅಡಿಗೊಂದು ಎಂಬುದು ಚೀಟಿಯಲ್ಲಿ ಇರಲಿ. ದುಡ್ಡು ಮೂರು ಕಂತಾಗಲಿ: ಸಾಮಾನು ಬಂದಾಗ ಒಂದು, ಅಗೆದ ಗುಂಡಿಯನ್ನು ಟೇಪ್ ಹಿಡಿದು ನೋಡಿದ ಮೇಲೆ ಒಂದು, ಉಳಿದದ್ದು ಅಚ್ಚು ಬಿಚ್ಚಿದ ಮೇಲೆ. ಗುಂಡಿ ನೋಡುವ ಮುನ್ನ ಮಾಲು ಕಲಸಕೂಡದು ಎಂಬ ಷರತ್ತಿಗೆ ಒಪ್ಪದ ಗುತ್ತೇದಾರ ಬೇಡ. ಸಣ್ಣ ಕೆಲಸಕ್ಕೆ ಒಳ್ಳೆಯ ಗೌಂಡಿ ಸಿಗುವುದು ಕಷ್ಟ ಎಂಬುದೂ ನಿಜ. ನಮ್ಮ ಜಿಲ್ಲೆಯ ಎಷ್ಟೋ ನುರಿತ ಕೈಗಳು ಕೂಲಿ ಹೆಚ್ಚು ಸಿಗುವ ಹೈದರಾಬಾದ್, ಪುಣೆಗೆ ಹೋಗಿವೆ. ಊರಿನಲ್ಲಿ ಉಳಿದ ಹಿರಿಯ ಗೌಂಡಿಗೆ ನಾಲ್ಕು ದಿನ ಕಾದರೂ ಪರವಾಗಿಲ್ಲ.

ಭಾಲ್ಕಿಯಲ್ಲಿ ಅಣ್ಣ ಹಿಡಿದದ್ದು ನಡುದಾರಿ. ಸಾಮಾನು ತಾನೇ ತಂದ, ಅಗೆಯಲು ಮತ್ತು ಕುಟ್ಟಲು ಲೇಬರ್ ಅಡ್ಡಾದಿಂದ ಇಬ್ಬರನ್ನು ಕರೆತಂದ, ಅಚ್ಚು ಕಟ್ಟಿ ಸುರಿಯುವುದನ್ನು ಮನೆಯವರೇ ಮಾಡಿದರು. ಬೇವಿನ ಮರದ ಬುಡದಲ್ಲಿ ಮಾತ್ರ ಕಾಂಕ್ರೀಟ್ ಬಿಟ್ಟು ಶಹಾಬಾದಿ ಪರಸಿಯ ತುಂಡುಗಳನ್ನು ನೆಟ್ಟಗೆ ಹುಗಿದರು. ಬೇರು ದಪ್ಪಗಾಗಿ ತಳ್ಳಿದರೂ ಪರಸಿಯನ್ನು ಕಿತ್ತು ಒಂದು ಗೇಣು ಆಚೆ ನಿಲ್ಲಿಸಬಹುದು. ನಮ್ಮ ಹಳೆಯ ಮನೆಗಳ ತುಳಸಿಕಟ್ಟೆಯ ಸುತ್ತ, ಮಲ್ಲಿಗೆ ಪಾತಿಯ ಸುತ್ತ ಇದ್ದದ್ದೂ ಈ ಪರಸಿಯೇ. ಮೂರು ಕಡೆಯ ಕೆಲಸದಲ್ಲಿ ಭಾಲ್ಕಿಯದೇ ಕಡಿಮೆ ಖರ್ಚಿನದು.

ಇನ್ನು ತರಾಯಿ. ಇದನ್ನು ಯಾರಿಗೂ ಗುತ್ತಿಗೆ ಕೊಡಬೇಡಿ. ಐಎಸ್ 456 ಸಂಹಿತೆಯ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿಗೆ ಕನಿಷ್ಠ 10 ದಿನ ತೇವ ಆರಬಾರದು. ಒಣ ಬಿಸಿಲಿನಲ್ಲಿ ಪಿಪಿಸಿಗೆ 14 ದಿನ. ನಾಲ್ಕು ಇಂಚಿನ ಬಾರ್ಡರ್‌ಗೆ ಮೂರು ಕಡೆಯಿಂದ ಬಿಸಿಲು ಬೀಳುತ್ತದೆ; ಬೆಳಿಗ್ಗೆ ಹನಿಸಿದ ನೀರು ಹತ್ತು ಗಂಟೆಗೆ ಇರುವುದಿಲ್ಲ. ಹಳೆಯ ಗೋಣಿಚೀಲ ಹೊದಿಸಿ, ಅದನ್ನು ದಿನಕ್ಕೆ ನಾಲ್ಕು ಸಲ ನೆನೆಸಬೇಕು. ಸುರಿದ ದಿನವೇ ಹೊರಟುಹೋಗುವ ಗುತ್ತೇದಾರನ ಆಳು ಇದಕ್ಕಾಗಿ ಎರಡು ವಾರ ಬಂದುಹೋಗುವುದಿಲ್ಲ.

ಬೀದರ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಬೋರ್‌ವೆಲ್ ನೀರು ಕುಡಿಯಲಿಕ್ಕೇ ಸಾಲದು, ಆಗ ಈ ಕೆಲಸಕ್ಕೆ ಕೈ ಹಾಕಬಾರದು. ದೀಪಾವಳಿಯಿಂದ ಎಳ್ಳಮಾವಾಸ್ಯೆಯ ತನಕ ಬಾವಿಯಲ್ಲಿ ನೀರಿರುತ್ತದೆ, ಬಿಸಿಲು ಹದವಾಗಿರುತ್ತದೆ, ಎರೆಯೂ ಉಬ್ಬು ಇಳಿದು ಇನ್ನೂ ಬಿರಿಯದ ಸ್ಥಿತಿಯಲ್ಲಿರುತ್ತದೆ. ಔರಾದ್‌ನ ಎರಡನೆಯ ಬಾರ್ಡರ್ ಸುರಿದದ್ದು ಆ ದಿನಗಳಲ್ಲೇ. ಎರಡು ಗೀರುಗಳಲ್ಲಿ ಕೂದಲೆಳೆಯಷ್ಟು ಬಿರುಕು ಬಂದಿದೆ. ಅದನ್ನು ಸಿಮೆಂಟ್ ಹಾಲಿನಿಂದ ಮುಚ್ಚದೆ ಹಾಗೇ ಬಿಡಲು ಗೌಂಡಿ ಹೇಳಿದ್ದಾನೆ, ಬಿಟ್ಟಿದ್ದೇವೆ.