ಕಾಗದ ಹೋದದ್ದು ಮೊದಲ ಮಾಲೀಕರಿಗೆ

ಚಿ. ಪಲ್ಲವಿಗೆ ಮಾವನ ಆಶೀರ್ವಾದಗಳು.

ನೀನು ಹಳೇ ಕಾರು ಕೊಳ್ಳುತ್ತೀ ಎಂದು ತಿಳಿದಾಗಿನಿಂದ ನಿನ್ನ ಅತ್ತೆಗೆ ಅದರ ಬಣ್ಣದ ಕುತೂಹಲ, ನನಗೆ ಪೆಟ್ರೋಲ್ ಪೈಪಿನ ಚಿಂತೆ. ನಗಬೇಡ. ನಾವು ಚಿಕ್ಕವರಿದ್ದಾಗ ಕಾರೆಂದರೆ ಪೆಟ್ರೋಲ್ ವಾಸನೆ ಬರಲೇಬೇಕು ಎಂದುಕೊಂಡಿದ್ದೆವು. ದೊಡ್ಡಪ್ಪನ ಕಾರಿನಲ್ಲಿ ಆಗುಂಬೆ ಘಾಟಿ ಇಳಿಯುವಾಗ ಹಿಂದಿನ ಸೀಟಿನ ಮಕ್ಕಳೆಲ್ಲ ನಿಂಬೆಹಣ್ಣು ಮೂಸುತ್ತ ಕೂರುತ್ತಿದ್ದೆವು. ಟ್ಯಾಂಕು ಜಿನುಗಿದರೆ ತೀರ್ಥಹಳ್ಳಿಯ ಮೇಸ್ತ್ರಿಯೊಬ್ಬ ಬಟ್ಟೆಸೋಪು ನಾದಿ ಮೆತ್ತುತ್ತಿದ್ದ. ರಿಪೇರಿ ಎಂದರೆ ಅಷ್ಟೇ. ತಪ್ಪು ತಯಾರಿಸಿದವರದಾದರೆ ಅವರೇ ಸರಿಮಾಡಿಕೊಡಬೇಕು ಎಂಬ ಯೋಚನೆ ಯಾರ ತಲೆಗೂ ಬರುತ್ತಿರಲಿಲ್ಲ.

ಈಗ ಹಾಗಲ್ಲ. ತಯಾರಿಕೆಯಲ್ಲೇ ದೋಷ ಕಂಡರೆ ಕಂಪನಿ ಕಾರುಗಳನ್ನು ಕರೆಸಿಕೊಂಡು ಪುಕ್ಕಟೆಯಾಗಿ ಸರಿಮಾಡಿ ಕೊಡುತ್ತದೆ; ರೀಕಾಲ್ ಅನ್ನುತ್ತಾರಲ್ಲ, ಅದು. 2014ರಲ್ಲಿ ಮಾರುತಿಯವರು ಎರ್ಟಿಗಾ, ಸ್ವಿಫ್ಟ್, ಡಿಸೈರ್ ಸೇರಿ 1,03,311 ಕಾರು ಕರೆಸಿದರು. ಇಂಧನ ತುಂಬಿಸುವ ಕೊಳವೆಯ ಕುತ್ತಿಗೆಯಲ್ಲಿ ದೋಷವಿತ್ತು. ಬಂಕಿನ ಗನ್ನು ತಾನಾಗಿ ನಿಂತ ಮೇಲೂ ತುಂಬಿಸಿದರೆ ವಾಸನೆ ಬರಬಹುದು, ಸೋರಲೂಬಹುದು ಎಂದರು. ನಾವೋ, 'ರೌಂಡ್ ಫಿಗರ್ ಮಾಡಪ್ಪಾ' ಅನ್ನುವ ಜನ! 2019ರಲ್ಲಿ 40,618 ವ್ಯಾಗನ್‌ಆರ್‌ಗಳ ಸರದಿ: ಪೆಟ್ರೋಲ್ ಹರಿಯುವ ಹೋಸು ಲೋಹದ ಕ್ಲ್ಯಾಂಪಿಗೆ ತಾಗುತ್ತಿರಬಹುದೆಂಬ ಸಂಶಯ. ಅದೇ ವರ್ಷ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಸೇರಿ, ಕಂಪನಿ ತಾನಾಗಿ ಮುಂದೆ ಬರದಿದ್ದರೆ ಸರ್ಕಾರವೇ ರೀಕಾಲ್‌ಗೆ ಆದೇಶಿಸಬಹುದು ಎಂದಾಯಿತು.

ಇಷ್ಟಿದ್ದೂ ಒಂದು ತೊಡಕಿದೆ, ಅದು ನಿನ್ನಂಥವರಿಗೇ. ಕಂಪನಿಯ ಹತ್ತಿರ ಇರುವುದು ಸಾಮಾನ್ಯವಾಗಿ ಮೊದಲು ಕೊಂಡವರ ವಿಳಾಸ, ಫೋನ್ ನಂಬರು. ಕಾಗದ ಅವರಿಗೆ ಹೋಗುತ್ತದೆ; ಫೋನು ಬಂದರೂ 'ಆ ಕಾರು ಮಾರಿಯಾಯ್ತಲ್ಲ' ಎಂದು ಇಟ್ಟುಬಿಡುತ್ತಾರೆ. ರಿಪೇರಿ ಮಾಡಿಸಿಕೊಳ್ಳುವ ಹಕ್ಕು ಕಾರಿನ ಜೊತೆ ಬರುತ್ತದೆ, ಸುದ್ದಿ ಮಾತ್ರ ಬರುವುದಿಲ್ಲ.

ಆದ್ದರಿಂದ ಸುದ್ದಿಯನ್ನು ನೀನೇ ಹುಡುಕಿಕೊಂಡು ಹೋಗಬೇಕು. ಆರ್‌ಸಿಯಲ್ಲಿ ಚಾಸಿ ನಂಬರ್ ಇರುತ್ತದೆ, ಅಕ್ಷರ ಅಂಕಿ ಸೇರಿ 17. ಅದನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡು, ಇಲ್ಲವೇ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ 'ಈ ನಂಬರಿಗೆ ರೀಕಾಲ್ ಬಾಕಿ ಇದೆಯಾ?' ಎಂದು ಕೇಳು. ಇದ್ದರೆ ಮಾಡಿಸಿ, ಜಾಬ್ ಕಾರ್ಡಿನಲ್ಲಿ ಬರೆಸಿಕೋ. ವಾರಂಟಿ ಮುಗಿದಿದೆ ಎಂದು ಯಾರಾದರೂ ರಾಗ ಎಳೆದರೆ ವಾರಂಟಿ ಬೇರೆ, ರೀಕಾಲ್ ಬೇರೆ ಎಂದು ಸಮಾಧಾನವಾಗಿ ಹೇಳು. ನಿನ್ನ ಫೋನ್ ನಂಬರನ್ನೂ ಅಲ್ಲೇ ದಾಖಲಿಸಿ ಬಾ. ಪುಕ್ಕಟೆ ಎಂದರೆ ಸಂಕೋಚಪಡುವುದು ನಮ್ಮ ಮನೆಯವರ ಜಾಯಮಾನ. ಇದರಲ್ಲಿ ಸಂಕೋಚ ಬೇಡ ಮಗೂ. ಸರಿಯಾದ ಪೈಪಿನ ದುಡ್ಡು ಕಾರಿನ ಬೆಲೆಯಲ್ಲೇ ಸಂದಿದೆ.

ಇನ್ನೊಂದು ಮಾತು. ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎಂದಾದರೂ ಪೆಟ್ರೋಲ್ ವಾಸನೆ ಬಂದರೆ, ಆಫೀಸಿಗೆ ತಡವಾದರೂ ಸರಿ, ಕಾರು ಸ್ಟಾರ್ಟ್ ಮಾಡಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ತುಂಬಿಕೊಂಡಿರುತ್ತದೆ. ಒಂದು ಕಿಡಿ ಸಾಕು. ದೂರ ಸರಿದು ಟೋ ಗಾಡಿಗೆ ಫೋನು ಮಾಡು.

ಶನಿವಾರ ಮುಂಗಡ ಕೊಡುವ ಮೊದಲು ಆರ್‌ಸಿಯ ಫೋಟೊ ಕಳಿಸು. ನಂಬರನ್ನು ನಾನೂ ಒಮ್ಮೆ ಹಾಕಿ ನೋಡುತ್ತೇನೆ. ಮಧ್ಯಾಹ್ನ ಹೊತ್ತು ಹೋಗಬೇಕಲ್ಲ.

ಇಂತಿ,
ನಿನ್ನ ಮಾವ