ಲೂನಾಪಾಪ್: ಸ್ಕೂಟರಿನ ಹಾಡು ಹಾಡಿದ ಹುಡುಗರು

ಮಕ್ಕಳೇ, ಇಟಲಿ ಎಂದ ಕೂಡಲೇ ನಿಮಗೆ ಪಿಜ್ಜಾ, ಫುಟ್‌ಬಾಲ್ ನೆನಪಾಗಬಹುದು. ಈ ಪಾಠದಲ್ಲಿ ಆ ದೇಶದ ಒಂದು ಪಾಪ್ ರಾಕ್ ತಂಡದ ಬಗ್ಗೆ ತಿಳಿಯೋಣ. ತಂಡದ ಹೆಸರು ಲೂನಾಪಾಪ್. ಇಟಾಲಿಯನ್ ಭಾಷೆಯಲ್ಲಿ 'ಲೂನಾ' ಎಂದರೆ ಚಂದ್ರ. ಇವರ ಮೊದಲ ಹಾಡು ಬಂದದ್ದು 1999ರಲ್ಲಿ, ತಂಡ ಮುರಿದದ್ದು 2002ರಲ್ಲಿ. ಹೊರತಂದದ್ದು ಒಂದೇ ಆಲ್ಬಮ್.

ಉತ್ತರ ಇಟಲಿಯ ಬೊಲೊನ್ಯ ಇವರ ಊರು. ಊರಿನ ದಕ್ಷಿಣಕ್ಕೆ ಹಸಿರು ಗುಡ್ಡಗಳಿವೆ, ಅವನ್ನು ನೆನಪಿಡಿ. ಇಲ್ಲಿ 1980ರಲ್ಲಿ ಹುಟ್ಟಿದ ಚೆಸರೆ ಕ್ರೆಮೊನೀನಿ ಎಂಬ ಹುಡುಗ ಚಿಕ್ಕಂದಿನಲ್ಲೇ ಪಿಯಾನೊ ಕಲಿತ. ಇಂಗ್ಲೆಂಡಿನ 'ಕ್ವೀನ್' ತಂಡದ ಹಾಡುಗಳೆಂದರೆ ಅವನಿಗೆ ಪ್ರಾಣ. ಗೆಳೆಯರೊಡನೆ ಸೇರಿ ಒಂದು ತಂಡ ಕಟ್ಟಿದ. ಚೆಸರೆ ಹಾಡುತ್ತಿದ್ದ, ಕೀಬೋರ್ಡ್ ನುಡಿಸುತ್ತಿದ್ದ. ನಿಕೋಲಾ ಬಲೆಸ್ತ್ರಿ ಬೇಸ್ ಗಿಟಾರ್, ಇನ್ನಿಬ್ಬರು ಗಿಟಾರ್, ಒಬ್ಬ ಡ್ರಮ್ಸ್. ಒಟ್ಟು ಐವರು.

ಮೊದಲ ಹಾಡಿನ ಹೆಸರು '50 ಸ್ಪೆಷಲ್'. ಅದು ಒಂದು ವೆಸ್ಪಾ ಸ್ಕೂಟರಿನ ಹೆಸರು! 'ವೆಸ್ಪಾ' ಎಂದರೆ ಕಣಜ. 50 ಎಂದರೆ 50 ಸಿಸಿಯ ಪುಟ್ಟ ಎಂಜಿನ್. (ನಿಮ್ಮ ಅಪ್ಪ ಅಮ್ಮನನ್ನು ಬಜಾಜ್ ಸ್ಕೂಟರ್ ಬಗ್ಗೆ ಕೇಳಿ ನೋಡಿ. 1960ರ ದಶಕದಲ್ಲಿ ಬಜಾಜ್ ಕಂಪನಿ ಭಾರತದಲ್ಲಿ ತಯಾರಿಸುತ್ತಿದ್ದದ್ದು ಇದೇ ವೆಸ್ಪಾ ಸ್ಕೂಟರುಗಳನ್ನು.) ಆ ದಿನಗಳಲ್ಲಿ ಇಟಲಿಯಲ್ಲಿ 14 ವರ್ಷ ತುಂಬಿದವರು ಲೈಸೆನ್ಸ್ ಇಲ್ಲದೆಯೇ 50 ಸಿಸಿ ಗಾಡಿ ಓಡಿಸಬಹುದಿತ್ತು. ಅಪ್ಪ ಬಂದು ಕರೆದುಕೊಂಡು ಹೋಗಲಿ ಎಂದು ಕಾಯಬೇಕಾಗಿರಲಿಲ್ಲ. ಆ ವಯಸ್ಸಿನವರಿಗೆ ಅದೆಷ್ಟು ದೊಡ್ಡ ವಿಷಯ ಎಂದು ನಿಮಗೇ ಗೊತ್ತು!

ಹಾಡಿನಲ್ಲಿ ಕಥೆ ಎನ್ನುವಂಥದ್ದು ಹೆಚ್ಚೇನಿಲ್ಲ. ಹುಡುಗನಿಗೆ ಶಾಲೆಯ ಓದು ಅಷ್ಟಕ್ಕಷ್ಟೇ. ಆದರೆ ವೆಸ್ಪಾ ಇದೆ, ಬೊಲೊನ್ಯದ ಆ ಗುಡ್ಡಗಳಿವೆ, ಸುತ್ತಾಡಿದರೆ ಸಂತೋಷ. ಅಷ್ಟೇ. ಬರೆದವನು ತಾನು ದಿನವೂ ಕಂಡದ್ದನ್ನೇ ಬರೆದ. ಇಟಲಿಯ ಉದ್ದಗಲಕ್ಕೂ ಹುಡುಗರು ಅದು ತಮ್ಮದೇ ಹಾಡು ಎನ್ನುವಂತೆ ಹಾಡಿದ್ದು ಇದಕ್ಕೇ ಎಂದು ನನಗೆ ತೋರುತ್ತದೆ.

ಅದೇ ವರ್ಷದ ಕೊನೆಗೆ ಬಂದ 'ಸ್ಕ್ವೆರೆಜ್?' ಎಂಬ ಆಲ್ಬಮ್ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. 2000ದಲ್ಲಿ 'ಕ್ವಾಲ್ಕೋಸಾ ದಿ ಗ್ರಾಂದೆ' ಎಂಬ ಹಾಡಿಗೆ, ಬೇಸಿಗೆಯಲ್ಲಿ ನಡೆಯುತ್ತಿದ್ದ ಫೆಸ್ತಿವಲ್‌ಬಾರ್ ಸ್ಪರ್ಧೆಯಲ್ಲಿ ಮೊದಲ ಸ್ಥಾನ ಸಿಕ್ಕಿತು. ಆಗ ಚೆಸರೆಗೆ 20 ವರ್ಷ.

ಮುಂದೇನಾಯಿತು? ಎರಡನೆಯ ಆಲ್ಬಮ್ ಬರಲೇ ಇಲ್ಲ. ಹಾಡುಗಳನ್ನು ಬರೆಯುತ್ತಿದ್ದವನು ಮುಖ್ಯವಾಗಿ ಒಬ್ಬನೇ, ಹೆಸರು ಮಾತ್ರ ಐವರದ್ದು. ಹೊಂದಾಣಿಕೆ ಕೆಟ್ಟು ತಂಡ ಒಡೆಯಿತು. ಗೆಳೆತನದಲ್ಲಿ ಕಟ್ಟಿದ್ದು ಹೀಗೆ ಒಡೆದರೆ ಬೇಸರವೇ. ಆದರೆ ಬೇಸ್ ನುಡಿಸುತ್ತಿದ್ದ ನಿಕೋಲಾ ಚೆಸರೆಯನ್ನು ಬಿಡಲಿಲ್ಲ, ಮುಂದೆಯೂ ಅವನ ಜೊತೆಗೇ ನುಡಿಸಿದ. 2002ರಲ್ಲೇ ಚೆಸರೆ ತನ್ನ ಹೆಸರಿನಲ್ಲಿ ಮೊದಲ ಆಲ್ಬಮ್ ತಂದ. ಅದರ ಹೆಸರು 'ಬಾಗುಸ್'. ನಮ್ಮ ಸಿಂಗಪುರದ ಮಕ್ಕಳಿಗೆ ಇದರ ಅರ್ಥ ಹೇಳಬೇಕಾಗಿಲ್ಲ!

2022ರ ಜುಲೈಯಲ್ಲಿ ಇಮೊಲಾದ ಕಾರ್ ರೇಸ್ ಮೈದಾನದಲ್ಲಿ ಕ್ರೆಮೊನೀನಿ ಅವರ ದೊಡ್ಡ ಕಾರ್ಯಕ್ರಮ ನಡೆಯಿತು. ಅಲ್ಲಿಯೂ ಆ ಹಳೆಯ ಸ್ಕೂಟರ್ ಹಾಡನ್ನು ಹಾಡಿದರು.

ಅಭ್ಯಾಸ: ನೀವು ದಿನವೂ ಶಾಲೆಗೆ ಹೋಗುವ ಬಸ್ಸು, ರೈಲು ಅಥವಾ ಸೈಕಲ್ ಮೇಲೆ ಕನ್ನಡದಲ್ಲಿ ನಾಲ್ಕು ಸಾಲಿನ ಹಾಡು ಬರೆಯಿರಿ. ಪ್ರಾಸ ಸಿಗದಿದ್ದರೆ ಮನೆಯಲ್ಲಿ ಅಜ್ಜಿಯನ್ನು ಕೇಳಿ.